ದುಡಿಯುವವರ ಕಾಲಡಿಯ ನೆಲ

(ಗಿರಿಪ್ರದೇಶದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ಹೊಳೆ, ಗುಡ್ಡಗಳ ಬಗ್ಗೆ ಕಾಳಜಿಯುಳ್ಳವರ ಸಭೆಯಲ್ಲಿ ಕೂಲಿ, ಮನೆ, ನಿವೇಶನಗಳ ಮಾತೇಕೆ ಎಂಬ ಪ್ರಶ್ನೆ ಕೆಲವರಲ್ಲಾದರೂ ಮೂಡಿರಬಹುದು. ಬಡ ದುಡಿಮೆಗಾರ ಕುಟುಂಬಗಳು ಆರ್ಥಿಕವಾಗಿ ಮೇಲೇಳುವ ಬಗೆ ಹೇಗೆ ಎಂಬ ವಿಷಯವನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ಭದ್ರೆಯ ನೀರು ತಿಳಿಯಾಗಿ ಹರಿಯುವುದಕ್ಕೂ ಈ ವಿಷಯಕ್ಕೂ ಸಂಬಂಧವಿದೆ. ಆ ಸಂಬಂಧವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕುದುರೆಮುಖವೆಂಬ ಪಟ್ಟಣದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೆನೆದರೆ ಸಾಕು.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯಲು 4,604.55 ಹೆಕ್ಟೇರ್ ಪ್ರದೇಶವನ್ನು 1969ರಲ್ಲಿ ಮೂವತ್ತು ವರ್ಷಗಳಿಗೆ ಗುತ್ತಿಗೆ ಕೊಡಲಾಯಿತು. ಇರಾನಿನ ದೊರೆಯ ಸರ್ಕಾರ ಸಾಲ ಕೊಡುವುದಾಗಿಯೂ ಅದಿರನ್ನು ಕೊಳ್ಳುವುದಾಗಿಯೂ 1975ರಲ್ಲಿ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಆದರೂ ಗಣಿ ನಿಲ್ಲಲಿಲ್ಲ. ಅರೆದ ಅದಿರು ನೀರಿನೊಡನೆ ಬೆರೆತು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರನ್ನು ಸೇರತೊಡಗಿತು. ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಬ್ಯಾಂಕು, ಅಂಗಡಿಬೀದಿಗಳುಳ್ಳ ಪಟ್ಟಣ ಎದ್ದಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗ, ಗಣಿ ಅದರ ಮಗ್ಗುಲಲ್ಲಿಯೇ ಉಳಿಯಿತು. ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ಜನರ ಹೋರಾಟ ಬೀದಿಯಲ್ಲಿ ನಡೆಯಿತು. ಕೆ.ಎಂ. ಚಿಣ್ಣಪ್ಪನವರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. 2002ರ ಅಕ್ಟೋಬರ್ 30ರಂದು ನ್ಯಾಯಾಲಯವು 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಹೇಳಿತು. 2005ರ ಡಿಸೆಂಬರ್ 31ರಂದು ಯಂತ್ರಗಳು ನಿಂತವು. ಮಳೆಗಾಲದಲ್ಲಿ ಗಣಿಯ ಹೂಳು ಹೊತ್ತು ಕೆಂಪಾಗಿ ಹರಿಯುತ್ತಿದ್ದ ಹೊಳೆಯನ್ನು ಕಂಡವರು ಯಾರೂ ಆ ತೀರ್ಪನ್ನು ತಪ್ಪೆನ್ನಲಾರರು.

ಆದರೆ ಯಂತ್ರಗಳು ನಿಂತ ಮರುದಿನ ಯಾರು ಎಲ್ಲಿಗೆ ಹೋದರು ಎಂಬುದನ್ನು ಗಮನಿಸಿ. ಕಂಪನಿಯ ಕಾಯಂ ನೌಕರರಲ್ಲಿ ಕೆಲವರಿಗೆ ಮಂಗಳೂರಿಗೆ ವರ್ಗವಾಯಿತು. ಕೆಲವರು ಸ್ವಯಂ ನಿವೃತ್ತಿಯ ಹಣ ಪಡೆದು ತಮ್ಮ ಊರುಗಳಿಗೆ ಹಿಂದಿರುಗಿದರು. ಅವರಿಗೂ ನೋವಿತ್ತು. ಆದರೆ ಅವರ ಕೈಯಲ್ಲಿ ಸೇವಾ ದಾಖಲೆಯಿತ್ತು, ಭವಿಷ್ಯನಿಧಿಯಿತ್ತು, ಗ್ರಾಚುಯಿಟಿಯಿತ್ತು. ಗುತ್ತಿಗೆದಾರರ ಕೈಕೆಳಗೆ ದುಡಿದ ಕೂಲಿಕಾರರ ಸ್ಥಿತಿ ಬೇರೆಯಾಗಿತ್ತು. ಅವರು ಲೇಬರ್ ಕಾಲೊನಿಯ ಗುಡಿಸಲುಗಳಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿದ್ದರು. ಗಣಿ ನಿಂತಾಗ ಕೂಲಿ ಹೋಯಿತು. ನಿಂತ ನೆಲ ಅವರದಲ್ಲವಾದ್ದರಿಂದ ಅದಕ್ಕೆ ಪತ್ರವಿರಲಿಲ್ಲ. ಸುತ್ತಲೂ ಅರಣ್ಯವಾದ್ದರಿಂದ ಪತ್ರ ಸಿಗುವ ದಾರಿಯೂ ಸುಲಭವಿರಲಿಲ್ಲ. ಬೆವರು ಸುರಿಸಿದ್ದು ಇಬ್ಬರೂ ಹೌದು. ಇಬ್ಬರ ಭವಿಷ್ಯವನ್ನು ಬೇರ್ಪಡಿಸಿದ್ದು ಒಡೆಯ ಹೊರಟುಹೋದ ಮೇಲೂ ಕೈಯಲ್ಲಿ ಉಳಿಯುವ ಒಂದು ಕಾಗದ.

ನಾನು ಇಂದು ಹೇಳಬೇಕೆಂದಿರುವ ಮಾತು ಇದೊಂದೇ. ದುಡಿಯುವ ಕುಟುಂಬವು ಮೇಲೇಳಬೇಕಾದರೆ ಅದು ನಿಲ್ಲುವ ನೆಲ ಅದರದಾಗಬೇಕು. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ಕೂಲಿ ಎಷ್ಟೇ ಏರಲಿ, ಆ ಕುಟುಂಬದ ಏಳಿಗೆ ಕಟ್ಟೆಯಿಲ್ಲದ ಕೆರೆಗೆ ಬಿದ್ದ ಮಳೆಯಂತೆ ಹರಿದುಹೋಗುತ್ತದೆ.

ಗಣಿಯ ಪಟ್ಟಣವನ್ನು ಬಿಟ್ಟು ಈಗ ನಮ್ಮ ಕಾಫಿ ತೋಟಗಳಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗುಡ್ಡಗಳಲ್ಲಿ ದೊಡ್ಡ ತೋಟಗಳು ಎದ್ದಾಗ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ಪ್ರದೇಶದಿಂದ ಆಳುಗಳನ್ನು ಕರೆತರಲಾಯಿತು. ಮೇಸ್ತ್ರಿ ಮುಂಗಡ ಹಣ ಕೊಟ್ಟು ಆಳುಗಳ ಗುಂಪನ್ನು ಕರೆತರುತ್ತಿದ್ದ. ಆ ಮುಂಗಡ ತೀರುವವರೆಗೆ ಆಳು ತೋಟ ಬಿಡುವಂತಿರಲಿಲ್ಲ. ತೋಟದೊಳಗೆ ಸಾಲುಸಾಲಾಗಿ ಕಟ್ಟಿದ ಕೋಣೆಗಳಿಗೆ ಲೈನ್ ಎಂಬ ಹೆಸರು ಬಂತು. ಹೊರಗಿನಿಂದ ನೋಡಿದವರಿಗೆ ಲೈನ್ ಮನೆ ಒಂದು ಉಪಕಾರ. ಬಾಡಿಗೆಯಿಲ್ಲ, ಸೌದೆ ಹತ್ತಿರ, ಕೆಲಸ ಬಾಗಿಲಲ್ಲೇ. ಒಳಗಿನ ಕಷ್ಟ ಬೇರೆ. ಆ ಮನೆ ಹಾಜರಿ ಪುಸ್ತಕಕ್ಕೆ ಕಟ್ಟಿದ ಮನೆ. ಹೆಸರು ಹಾಜರಿಯಲ್ಲಿ ಇರುವಷ್ಟು ದಿನ ಮಾತ್ರ ಅದರ ಬಾಗಿಲು ತೆರೆದಿರುತ್ತದೆ.

ಇದರ ಪರಿಣಾಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ತಂದೆಗೆ ವಯಸ್ಸಾಯಿತು, ತಾಯಿಗೆ ಸೊಂಟನೋವು ಬಂತು, ಮರಗಸಿಗೂ ಕೊಯ್ಲಿಗೂ ಹೋಗಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ಮನೆ ಉಳಿಯಬೇಕಾದರೆ ಕುಟುಂಬದಿಂದ ಇನ್ನೊಂದು ಹೆಸರು ಹಾಜರಿ ಪುಸ್ತಕಕ್ಕೆ ಸೇರಬೇಕು. ಆ ಹೆಸರು ಬಹಳ ಸಲ ಹತ್ತನೇ ತರಗತಿಯನ್ನು ಆಗಷ್ಟೇ ಮುಗಿಸಿದ, ಅಥವಾ ಮುಗಿಸದೇ ಬಿಟ್ಟ ಮಗನದೋ ಮಗಳದೋ ಆಗಿರುತ್ತದೆ. ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಗು ಓದು ಬಿಟ್ಟದ್ದು ಮುದಿ ತಂದೆತಾಯಿಯರ ತಲೆಯ ಮೇಲಿನ ಸೂರನ್ನು ಉಳಿಸಲು ಎಂಬುದನ್ನು ಕೇಳುವವರು ಕಡಿಮೆ. ಬಡತನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೀಗೆ ದಾಟುತ್ತದೆ.

ಕಾನೂನು ಏನು ಹೇಳುತ್ತಿತ್ತು? 1951ರ ತೋಟ ಕಾರ್ಮಿಕರ ಕಾಯಿದೆ ತನ್ನ ಕಾಲಕ್ಕೆ ದೊಡ್ಡ ಹೆಜ್ಜೆಯಾಗಿತ್ತು. ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು, ಶಿಶುಪಾಲನಾ ಕೇಂದ್ರ, ಮಕ್ಕಳ ಶಾಲೆ ಇವೆಲ್ಲ ತೋಟದ ಮಾಲೀಕನ ಹೊಣೆ ಎಂದು ಅದು ಹೇಳಿತು. ಆದರೆ ಐದು ಹೆಕ್ಟೇರಿಗಿಂತ ಚಿಕ್ಕದಾದ ತೋಟಗಳಿಗೆ ಅದು ಸಹಜವಾಗಿ ಅನ್ವಯವಾಗುತ್ತಿರಲಿಲ್ಲ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಎರಡೋ ಮೂರೋ ಎಕರೆಯ ಬೆಳೆಗಾರ ಆಳುಗಳಿಗೆ ಮನೆ ಕಟ್ಟಿಕೊಡಲಾರ. 2025ರ ನವೆಂಬರ್ 21ರಿಂದ ಈ ಕಾಯಿದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಹೆಸರು ಬದಲಾದರೂ ಮೂಲದ ಗಂಟು ಹಾಗೆಯೇ ಇದೆ. ಕಾನೂನು ಕಾರ್ಮಿಕನಿಗೆ ವಾಸಕ್ಕೆ ಮನೆ ಕೊಡಿಸುತ್ತದೆ. ಆ ಮನೆಯ ಒಡೆತನವನ್ನು ಕೊಡಿಸುವುದಿಲ್ಲ.

ಒಡೆತನ ಕೊಡಿಸುವ ಕಾನೂನು ಕರ್ನಾಟಕದಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ಮೂಲಕ, ಭೂಸುಧಾರಣಾ ಕಾಯಿದೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದೇ ಕಾಯಿದೆಯ 38ನೇ ಸೆಕ್ಷನ್, ಬೇರೆಯವರ ಜಮೀನಿನಲ್ಲಿ ವಾಸವಾಗಿರುವ ಕೃಷಿ ಕಾರ್ಮಿಕನಿಗೆ ತಾನಿರುವ ಮನೆಯ ಒಡೆಯನಾಗಿ ನೋಂದಣಿ ಪಡೆಯುವ ಹಕ್ಕನ್ನು ನೀಡುತ್ತದೆ. ಆದರೆ 104ನೇ ಸೆಕ್ಷನ್ ಓದಿ. ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ಮೊದಲಾದ ತೋಟಗಳಿಗೆ ಭೂಮಿತಿ ಅನ್ವಯಿಸುವುದಿಲ್ಲ, 38ನೇ ಸೆಕ್ಷನ್ ಕೂಡ ಅನ್ವಯಿಸುವುದಿಲ್ಲ. ಗದ್ದೆಯ ಆಳಿಗೆ ಸಿಕ್ಕ ಮನೆಯ ಹಕ್ಕು, ಪಕ್ಕದ ಗುಡ್ಡದ ತೋಟದ ಆಳಿಗೆ ಸಿಗದೇ ಹೋದದ್ದು ಹೀಗೆ.

ಸ್ವಂತ ನಿವೇಶನವಿಲ್ಲದಿದ್ದರೆ ಉಳಿದ ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಸರ್ಕಾರದ ವಸತಿ ಯೋಜನೆಗಳು ಮನೆ ಕಟ್ಟಲು ಸಹಾಯಧನ ಕೊಡುತ್ತವೆ. ಆದರೆ ಕಟ್ಟಲು ಜಾಗ ಬೇಕು. ರೇಷನ್ ಕಾರ್ಡಿಗೆ, ಜಾತಿ ಪ್ರಮಾಣಪತ್ರಕ್ಕೆ, ಮಕ್ಕಳ ಹಾಸ್ಟೆಲ್ ಅರ್ಜಿಗೆ, 2023ರಿಂದ ಬಂದಿರುವ ಗೃಹಲಕ್ಷ್ಮಿಯಂಥ ನೆರವಿಗೆ ವಿಳಾಸವೂ ದಾಖಲೆಯೂ ಸರಿಯಿರಬೇಕು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಸಾಗುವ ಕುಟುಂಬದ ದಾಖಲೆ ಹಿಂದಿನ ತೋಟದಲ್ಲಿಯೇ ಉಳಿದಿರುತ್ತದೆ. ಅಡವಿಡಲು ಪತ್ರವಿಲ್ಲದವರಿಗೆ ಬ್ಯಾಂಕಿನ ಸಾಲವಿಲ್ಲ. ಆಗ ವಾರದ ಕಂತಿನ ಕಿರುಸಾಲವೇ ಗತಿ. ಆ ಸಾಲಗಳ ವಸೂಲಿಯಲ್ಲಿನ ಬಲವಂತವನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಗುಡ್ಡ ಕುಸಿದಾಗಲೂ ಇದೇ ಲೆಕ್ಕ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸ ಭಾಗದ ತೋಟಗಳು ಕೊಚ್ಚಿಹೋದವು. ಬೆಳೆನಷ್ಟದ ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಬರುತ್ತದೆ. ಆ ತೋಟದಲ್ಲಿ ಕೊಯ್ಲಿನ ಕೂಲಿಯನ್ನು ನಂಬಿದ್ದವರ ನಷ್ಟವನ್ನು ಬರೆದುಕೊಳ್ಳಲು ಪಹಣಿಯಲ್ಲಿ ಕಾಲಂ ಇಲ್ಲ.

ಕಾಫಿಯ ಬೆಲೆ ಏರಿದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂಬ ಮಾತನ್ನು ಸಂತೆಯಲ್ಲಿಯೂ ಸಭೆಯಲ್ಲಿಯೂ ಕೇಳುತ್ತೇವೆ. ಅದರಲ್ಲಿ ಅರ್ಧ ಸತ್ಯವಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲು ವ್ಯವಸ್ಥೆ ಮುರಿದು ಬಿತ್ತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಸಂಗ್ರಹ ವ್ಯವಸ್ಥೆ ಕೊನೆಗೊಂಡು ಮುಕ್ತ ಮಾರುಕಟ್ಟೆ ಬಂತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳ ಬೆಳೆ ಲೋಕವನ್ನು ತುಂಬಿ ಬೆಲೆ ನೆಲಕಚ್ಚಿದಾಗ ಬೆಳೆಗಾರರು ಸಾಲದಲ್ಲಿ ಮುಳುಗಿದರು. ಆಳುಗಳ ಕೆಲಸದ ದಿನಗಳು ಕಡಿಮೆಯಾದವು. 2024 ಮತ್ತು 2025ರಲ್ಲಿ ಬೆಲೆ ಹಿಂದೆಂದೂ ಕಾಣದ ಎತ್ತರ ಮುಟ್ಟಿತು. ಕೂಲಿ ಆ ಎತ್ತರವನ್ನು ಮುಟ್ಟಲಿಲ್ಲ. ಬೆಲೆ ಬಿದ್ದಾಗ ನಷ್ಟ ಲೈನ್ ಮನೆಯ ಒಲೆಯವರೆಗೂ ಬರುತ್ತದೆ. ಬೆಲೆ ಏರಿದಾಗ ಲಾಭ ತೋಟದ ಗೇಟಿನ ಬಳಿ ನಿಲ್ಲುತ್ತದೆ. ಇದಕ್ಕೆ ಬೆಳೆಗಾರರನ್ನೆಲ್ಲ ದೂರುವ ಅಗತ್ಯವಿಲ್ಲ. ಸಣ್ಣ ಬೆಳೆಗಾರನೂ ದುಡಿಯುವವನೇ. ಆದರೆ ಬೇರೆ ಕಡೆ ಹೋಗುತ್ತೇನೆ ಎಂದು ಹೇಳುವ ಶಕ್ತಿ ಆಳಿಗೆ ಇರುವಾಗ ಮಾತ್ರ ಕೂಲಿಯ ಮಾತುಕತೆ ಮಾತುಕತೆಯಾಗುತ್ತದೆ. ಮನೆ ಒಡೆಯನದಾಗಿರುವವರೆಗೆ ಆ ಮಾತು ಬಾಯಿಂದ ಹೊರಡುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ನಿವೇಶನಕ್ಕೆ ಜಾಗ ಎಲ್ಲಿದೆ? ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಇದು ಅರಣ್ಯ, ಅದು ಡೀಮ್ಡ್ ಅರಣ್ಯ, ಇನ್ನೊಂದು ಗೋಮಾಳ ಎಂಬ ಉತ್ತರ ಬರುತ್ತದೆ. ಕಾಡನ್ನು ಕಡಿದು ಕಾಲೊನಿ ಮಾಡಿ ಎಂದು ಈ ವೇದಿಕೆಯಿಂದ ಯಾರೂ ಹೇಳುವುದಿಲ್ಲ, ಹೇಳಬಾರದು. ಆದರೆ ಒಂದು ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಂಡು ತಾಳೆ ನೋಡಬಹುದು. ಒಂದು ಎಕರೆಯೆಂದರೆ 43,560 ಚದರ ಅಡಿ. 30 ಅಡಿಗೆ 40 ಅಡಿಯ ನಿವೇಶನಕ್ಕೆ 1,200 ಚದರ ಅಡಿ ಬೇಕು. ರಸ್ತೆ, ಚರಂಡಿ, ಅಂಗನವಾಡಿಗೆ ಧಾರಾಳವಾಗಿ ಜಾಗ ಬಿಟ್ಟರೂ ಎಕರೆಗೆ ಇಪ್ಪತ್ತು ನಿವೇಶನಗಳಾಗುತ್ತವೆ. ಸರ್ಕಾರಿ ಜಮೀನನ್ನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ, ಗರಿಷ್ಠ 25 ಎಕರೆಯವರೆಗೆ, ಮೂವತ್ತು ವರ್ಷಗಳ ಗುತ್ತಿಗೆ ನೀಡಲು ಭೂಕಂದಾಯ ಕಾಯಿದೆಗೆ ತಿದ್ದುಪಡಿಯಾಗಿದೆ. ಆ 25 ಎಕರೆಯಲ್ಲಿ ಐನೂರು ಕುಟುಂಬಗಳು ನೆಲೆ ನಿಲ್ಲಬಹುದು. ಒಬ್ಬ ಒತ್ತುವರಿದಾರನಿಗೆ ಕೊಡಲು ಸಿಕ್ಕ ಜಾಗ, ಐನೂರು ಮನೆಯವರಿಗೆ ಕೊಡಲು ಸಿಗುವುದಿಲ್ಲವೆಂದರೆ ಕೊರತೆ ಭೂಮಿಯದಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಒತ್ತುವರಿಯಾದ ಕಂದಾಯ ಭೂಮಿಯನ್ನು ಗುತ್ತಿಗೆಗೆ ಕೊಡುವ ಮೊದಲು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮನೆಯಿಲ್ಲದವರ ಪಟ್ಟಿಗೆ ಬೇಕಾದಷ್ಟು ಜಾಗವನ್ನು ತೆಗೆದಿರಿಸಬೇಕು. ಆ ಜಾಗ ಕಡಿದಾದ ಇಳಿಜಾರಿನಲ್ಲಿ ಇರಕೂಡದು. ಯಾರಿಗೂ ಬೇಡವಾದ ದರೆಯ ಅಂಚನ್ನು ಬಡವರಿಗೆ ತೋರಿಸುವುದು ನಿವೇಶನ ಹಂಚಿಕೆಯಲ್ಲ. ಮುಂದಿನ ಕುಸಿತಕ್ಕೆ ಮಾಡುವ ಸಿದ್ಧತೆ. ಬಸ್ಸು ನಿಲ್ಲುವ, ಶಾಲೆಗೆ ನಡೆದು ಹೋಗಬಹುದಾದ, ನೀರಿರುವ ಜಾಗ ಬೇಕು. ಹಕ್ಕುಪತ್ರ ಮನೆಯ ಹೆಣ್ಣಿನ ಹೆಸರಿನಲ್ಲಿರಬೇಕು. ಆಗ ಸಣ್ಣ ಬೆಳೆಗಾರನಿಗೂ ಅನುಕೂಲವೇ. ಊರಿನಲ್ಲಿ ನೆಲೆಸಿದ ಕೆಲಸಗಾರರು ಹತ್ತಾರು ತೋಟಗಳಿಗೆ ದೊರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದ ಬಂದು ನಮ್ಮ ತೋಟಗಳಲ್ಲಿ ದುಡಿಯುತ್ತಿರುವವರನ್ನೂ ಮರೆಯಬಾರದು. ನೂರು ವರ್ಷಗಳ ಹಿಂದೆ ನಮ್ಮವರು ಬಂದದ್ದೂ ಹೀಗೆಯೇ.

ಉದ್ಯಾನದ ಒಳಗಿನ ಹಳ್ಳಿಗಳ ಸಂಗತಿ ಸ್ವಲ್ಪ ಬೇರೆ. ಅಲ್ಲಿರುವ ಮಲೆಕುಡಿಯ, ಗೌಡಲು ಮುಂತಾದ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯಿದೆಯ ಆಸರೆಯಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿದ್ದ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಸಿಗಬಹುದು. ಇತರರು ಎಪ್ಪತ್ತೈದು ವರ್ಷಗಳ ವಾಸವನ್ನು ತೋರಿಸಬೇಕು. ಅದೇ ಕಾಯಿದೆಯ 3ನೇ ಸೆಕ್ಷನ್ನಿನ ಎರಡನೇ ಉಪವಿಧಿಯಂತೆ, ಗ್ರಾಮಸಭೆಯ ಶಿಫಾರಸು ಇದ್ದರೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಬಳಸಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು. ಕಾಡಿನೊಳಗಿನ ಹಳ್ಳಿಗೆ ಏನೂ ಮಾಡುವಂತಿಲ್ಲ ಎಂದು ಯಾರಾದರೂ ಹೇಳಿದರೆ ಈ ವಿಧಿಯನ್ನು ತೋರಿಸಿ. ಊರು ಬಿಟ್ಟು ಹೊರಡಲು ಒಪ್ಪಿದವರು ಮೊದಲು ತಮ್ಮ ಹಕ್ಕು ದಾಖಲಾಗಿದೆಯೇ ಎಂದು ನೋಡಿಕೊಳ್ಳಲಿ. ಕೈಗೆ ಬಂದ ಹಣ ಕೆಲವು ವರ್ಷಗಳಲ್ಲಿ ಕರಗುತ್ತದೆ. ಬದಲಿ ನೆಲವಿಲ್ಲದ ಪರಿಹಾರ, ಸಾಗುವಳಿದಾರನನ್ನು ಇನ್ನೊಂದು ಲೈನ್ ಮನೆಗೆ ತಲುಪಿಸುವ ಪ್ರಯಾಣದ ಖರ್ಚಾಗಬಾರದು.

ಸ್ವಂತದ್ದೊಂದು ಆಸರೆ ಇದ್ದರೆ ದುಡಿಯುವವರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆಯಿದೆ. ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿ ನಿಂತಾಗ ಅದರ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ಬೀದಿಗೆ ಬೀಳಬೇಕಾಗಿತ್ತು. ಅವರು 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಕೆಲವೇ ಬಸ್ಸುಗಳನ್ನು ತಾವೇ ಓಡಿಸಲು ತೊಡಗಿದರು. ಅದೇ ನಮ್ಮೆಲ್ಲರ ಸಹಕಾರ ಸಾರಿಗೆ. ಬಸ್ಸುಗಳ ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಏರಿತು. ಬೇರೆ ಬಸ್ಸು ಬಾರದ ಮಣ್ಣುರಸ್ತೆಗಳಲ್ಲಿ ಅವು ಓಡಿದವು. ಶಾಲಾ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟವು. ಇಂದು ನೌಕರಿಯಲ್ಲಿರುವ ಎಷ್ಟೋ ಮಲೆನಾಡಿನ ಮಕ್ಕಳು ಕಾಲೇಜಿಗೆ ಹೋದದ್ದು ಆ ಬಸ್ಸುಗಳಲ್ಲಿ. ಸುಮಾರು ಮೂರು ದಶಕ ನಡೆದು, ಡೀಸೆಲ್ ಬೆಲೆ ಮತ್ತು ಖರ್ಚಿನ ಭಾರ ತಾಳಲಾರದೆ, 2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಈ ಕಥೆಯಲ್ಲಿ ಎರಡು ಪಾಠಗಳಿವೆ. ಕಾರ್ಮಿಕರ ಕೈಗೆ ಒಡೆತನ ಬಂದರೆ ಅವರು ತಮ್ಮ ಕುಟುಂಬದ ಜೊತೆಗೆ ಊರನ್ನೂ ಮೇಲೆತ್ತುತ್ತಾರೆ. ಆದರೆ ಊರಿಗಾಗಿ ನಷ್ಟದ ದಾರಿಯಲ್ಲಿ ಓಡುವ ಸಂಸ್ಥೆಯನ್ನು ಸಮಾಜವೂ ಸರ್ಕಾರವೂ ಕೈಹಿಡಿಯದಿದ್ದರೆ ಒಡೆತನವೊಂದೇ ಸಾಲದು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಅದರಿಂದ ಏನು ಬಂತು?

ಇನ್ನು ನಾವು ಮಾಡಬಹುದಾದ ಕೆಲಸಗಳು. ತೋಟದಲ್ಲಿ ದುಡಿಯುವವರು ತಮ್ಮ ಹಾಜರಿಯ ಲೆಕ್ಕವನ್ನು ತಾವೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತು ಮತ್ತು ಹೆಚ್ಚು ಜನ ದುಡಿಯುವ ತೋಟದಲ್ಲಿ ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನಗಳ ಕೂಲಿಯ ಲೆಕ್ಕದಲ್ಲಿ ಗ್ರಾಚುಯಿಟಿ ಕೇಳುವ ಹಕ್ಕಿದೆ. ದಾಖಲೆಯಿಲ್ಲದೆ ಅದನ್ನು ಕೇಳುವುದು ಕಷ್ಟ. ಗ್ರಾಮಸಭೆಗೆ ತಪ್ಪದೇ ಹೋಗಿ ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಬರೆಸಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ವಿದ್ಯಾರ್ಥಿಗಳೇ, ನಿಮಗೆ ಓದು ಬರಹ ಬರುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಕುಟುಂಬಗಳಿಗೆ ನಿವೇಶನವಿಲ್ಲ, ಎಷ್ಟು ಎಕರೆ ಸರ್ಕಾರಿ ಜಮೀನು ಯಾರ ವಶದಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎರಡು ಉತ್ತರಗಳನ್ನೂ ಒಂದೇ ಹಾಳೆಯ ಮೇಲೆ ಬರೆದು ಗ್ರಾಮಸಭೆಯಲ್ಲಿ ಓದಿ. ಲೈನ್ ಮನೆಯ ಹಿರಿಯರಿಗೆ ಅರ್ಜಿ ಬರೆದುಕೊಡಿ.

ಕೊನೆಯದಾಗಿ, ಪರಿಸರದ ಕಾರ್ಯಕರ್ತರಿಗೆ ಒಂದು ಮಾತು. ಕುದುರೆಮುಖದಲ್ಲಿ ಬೆಟ್ಟ ಉಳಿಯಿತು. ಮುಂದೆಯೂ ಈ ಘಟ್ಟಕ್ಕೆ ಯೋಜನೆಗಳು ಬರುತ್ತವೆ. ಪ್ರತಿಯೊಂದೂ ಉದ್ಯೋಗ ಕೊಡುತ್ತೇವೆ ಎಂದೇ ಬರುತ್ತದೆ. ಕಾಲಡಿಯ ನೆಲ ತನ್ನದಲ್ಲದ ಮನುಷ್ಯ ಆ ಮಾತಿಗೆ ತಲೆದೂಗಿದರೆ ಅವನನ್ನು ಅನ್ನಲಾಗದು. ನೆಲೆಯುಳ್ಳ ಮನುಷ್ಯ ಮಾತ್ರ ಹೊಳೆಯ ಪರವಾಗಿ ನಿಂತು, ಇದು ನಮಗೆ ಬೇಡ ಎಂದು ಹೇಳಬಲ್ಲ. ಆದ್ದರಿಂದ ಲೈನ್ ಮನೆಯಲ್ಲಿರುವವರಿಗೆ ಹಕ್ಕುಪತ್ರ ಕೊಡಿಸುವ ಕೆಲಸವನ್ನು ನಮ್ಮ ಕಾರ್ಯಕ್ರಮಗಳ ಪಟ್ಟಿಯಲ್ಲಿ ಗಿಡ ನೆಡುವ ಕೆಲಸದ ಪಕ್ಕದಲ್ಲಿಯೇ ಬರೆದುಕೊಳ್ಳೋಣ. ಮುಂದಿನ ಗ್ರಾಮಸಭೆಯ ದಿನವನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಂಡು, ನಿಮ್ಮ ಜೊತೆ ಇಬ್ಬರನ್ನಾದರೂ ಕರೆದುಕೊಂಡು ಹೋಗಬೇಕೆಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.